ನಮ್ಮ ಮನೆಯ ಹಾರ್ಟ್ ಪೇಷೆಂಟು

ನಾನು ಮದುವೆಯಾಗಿ ಸೇಲಂನ ಗುಗೈಗೆ ಬಂದ ದಿನ, ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಇನ್ನೂ ಒದ್ದಿರಲಿಲ್ಲ, ಆಗಲೇ ಯಾರೋ ಹಿಂದಿನಿಂದ ಕಿವಿಯಲ್ಲಿ ಹೇಳಿದರು: "ಮೆಲ್ಲಗೆ ಒದಿಯಮ್ಮಾ. ನಿಮ್ ಮಾವಂಗೆ ಹಾರ್ಟು."

ಬೇರೆಯವರ ಮನೆಗಳಲ್ಲಿ ಆಳಿಗೊಂದು ಹಾರ್ಟು ಇರುತ್ತದೆ. ನಮ್ಮ ಮನೆಯಲ್ಲಿ ಅದು ಮಾವನವರೊಬ್ಬರ ಸ್ವತ್ತು. ಮಾವ ನಾರಾಯಣಪ್ಪನವರು ಹುಟ್ಟು ನೇಕಾರರು, ಆದರೆ ನಾನು ನೋಡಿದಂತೆ ಒಂದು ದಿನವೂ ಮಗ್ಗಕ್ಕೆ ಇಳಿದವರಲ್ಲ. ನೀರಿನ ಕೊಡ ಎತ್ತುವಂತಿಲ್ಲ, ಬಿಸಿಲಿಗೆ ಹೋಗುವಂತಿಲ್ಲ, ಮನಸ್ಸಿಗೆ ಬೇಜಾರು ಮಾಡಿಕೊಳ್ಳುವಂತಿಲ್ಲ. ಮೊದಲ ಇಡ್ಲಿ ಅವರಿಗೆ, ಫ್ಯಾನಿನ ಕೆಳಗಿನ ಜಾಗ ಅವರಿಗೆ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತರೆ, ಬೀದಿಯಲ್ಲಿ ಹೋಗುವವರೆಲ್ಲ ನಿಂತು "ಎಂಗಿದೀರಾ ಅಣ್ಣಾ" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಕೌನ್ಸಿಲರ್ ಆಗಿದ್ದರೂ ಇಷ್ಟು ಮರ್ಯಾದೆ ಸಿಗುತ್ತಿರಲಿಲ್ಲ.

ಮಗ್ಗಕ್ಕೆ ಇಳಿಯುತ್ತಿದ್ದವರು ನಮ್ಮ ಅತ್ತೆ, ಮುನಿವೆಂಕಟಮ್ಮ. ನಮ್ಮಲ್ಲಿ ಹೆಂಗಸರು ರಾಟೆ ತಿರುಗಿಸಿ ನೂಲು ಸುತ್ತಿಕೊಡುವುದು, ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವುದು ರೂಢಿ. ಮಾವನವರ ಹಾರ್ಟು ಕೆಟ್ಟ ವರ್ಷ ಅತ್ತೆ ರಾಟೆ ಬಿಟ್ಟು ಕುಣಿಗೆ ಇಳಿದರು. ಇಳಿದವರು ಮತ್ತೆ ಹತ್ತಲಿಲ್ಲ. ನನ್ನ ಗಂಡ ವೇಣು ಇನ್ನೊಂದು ಮಗ್ಗದಲ್ಲಿ ಕೂರುತ್ತಾರೆ. ಅಪ್ಪನ ಬಗ್ಗೆ ನಾನು ಏನಾದರೂ ಅಂದರೆ ಅವರ ಲಾಳಿ ಜೋರಾಗಿ ಓಡುತ್ತದೆ, ಅಷ್ಟೇ.

ಮಾವನವರ ಹಾರ್ಟಿಗೆ ಒಂದು ಚರಿತ್ರೆ ಇತ್ತು. ಮನೆಗೆ ಬಂದವರಿಗೆ ಕಾಫಿ ಕೊಡುವ ಮೊದಲು ಅದನ್ನು ಕೊಡುತ್ತಿದ್ದರು. ಎಪ್ಪತ್ತೆರಡರಲ್ಲಿ ಎದೆ ಹಿಡಿದುಕೊಂಡಿತಂತೆ. ಸುಬ್ಬರಾಯನ್ ಡಾಕ್ಟರ ಧರ್ಮಾಸ್ಪತ್ರೆಯಲ್ಲಿ ಮಲಗಿಸಿದರಂತೆ. ಒಂದು ಕಡೆ ಟೈಫಾಯಿಡ್‌ನವನು, ಇನ್ನೊಂದು ಕಡೆ ತೆಂಗಿನ ಮರದಿಂದ ಬಿದ್ದವನು, ನಡುವೆ ನಮ್ಮ ಮಾವ.

"ಆರು ವಾರ ಕಣಮ್ಮಾ, ಅಂಗಾತ" ಎನ್ನುತ್ತಿದ್ದರು. "ಕೈ ಎತ್ಬಾರ್ದು. ತಲೆ ಬಾಚ್ಕೋಬಾರ್ದು. ಅನ್ನಾನೂ ನಾನಾಗಿ ತಿನ್ಬಾರ್ದು. ಪಕ್ಕಕ್ಕೆ ತಿರುಗಬೇಕು ಅಂದ್ರೆ ನರ್ಸಮ್ಮನ ಪರ್ಮಿಷನ್ ಬೇಕು. ಮೆಷೀನಾ ಕಿಷೀನಾ, ಏನೂ ಇಲ್ಲ. ಬೆಳಿಗ್ಗೆ ಡಾಕ್ಟ್ರು ಬಂದು ನಾಡಿ ಇಡಿಯೋರು, ವಾಚ್ ನೋಡೋರು, ಓಗೋರು. ಅಂಗೆ ಬದುಕಿದೋನು ನಾನು."

ಆ ಆರು ವಾರ ಎರಡು ಹೊತ್ತೂ ನಡೆದುಕೊಂಡು ಹೋಗಿ, ಅನ್ನ ಕಲಸಿ ಅವರ ಬಾಯಿಗೆ ಇಟ್ಟವರು ಯಾರು ಎನ್ನುವುದು ಈ ಚರಿತ್ರೆಯಲ್ಲಿ ಬರುತ್ತಿರಲಿಲ್ಲ. ಒಮ್ಮೆ ಅತ್ತೆಯನ್ನು ನೇರವಾಗಿ ಕೇಳಿಯೇಬಿಟ್ಟೆ, "ಆರು ವಾರ ಮಲಗಿದ್ದು ಸರಿ. ಆಮೇಲೆ ಯಾಕೆ ಏಳ್ಲಿಲ್ಲ?" ಅಂತ. ಅತ್ತೆ ನೂಲಿನ ಎಳೆ ಬಾಯಲ್ಲಿ ಕಚ್ಚಿಕೊಂಡು, "ಇರ್ಲಿ ಬುಡು ಶಶೀ, ಮನೇಲಿ ಇದಾರಲ್ಲ" ಅಂದರು. ಅದೆಂಥ ಉತ್ತರ ಎಂದು ನನಗೆ ತಿಳಿಯಲಿಲ್ಲ.

ತೊಂಬತ್ತೈದರಲ್ಲಿ ಓಮಲೂರು ರಸ್ತೆಯಲ್ಲಿ ಒಂದು ಹೊಸ ಪ್ರೈವೇಟ್ ಆಸ್ಪತ್ರೆ ಎದ್ದಿತು. ಅದರಲ್ಲಿ ಹಾರ್ಟಿಗೆಂದೇ ಬೇರೆ ಕೋಣೆ, ನಾಲ್ಕು ಮಂಚ, ಮಂಚಕ್ಕೊಂದು ಟೀವಿ ಎಂದು ಬೀದಿಯಲ್ಲಿ ಮಾತಾಯಿತು. ಜನಕ್ಕೆ ಅದರ ಪರಿಚಯ ಮಾಡಿಸಲು ಡಾಕ್ಟರ್ ಹರಿಹರನ್ ಒಂದು ಭಾನುವಾರ ನಮ್ಮ ಚೌಡೇಶ್ವರಿ ಗುಡಿಯ ಮಂಟಪದಲ್ಲಿ ಕ್ಯಾಂಪು ಇಟ್ಟರು. ಚಿಕ್ಕ ವಯಸ್ಸು, ಮದ್ರಾಸಿನಲ್ಲಿ ಓದಿದವರು, ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಅತ್ತೆ ಬರಲಿಲ್ಲ, ಮಗ್ಗದಲ್ಲಿ ಸೀರೆ ಇತ್ತು. ಮಾವನವರು ಮೊದಲ ಸಾಲಿನ ಮೊದಲ ಕುರ್ಚಿಯಲ್ಲಿ ಕೂತರು.

ಡಾಕ್ಟರು ತಮಿಳಿನಲ್ಲಿ ಚೆನ್ನಾಗಿ ಬಿಡಿಸಿ ಹೇಳಿದರು. ಹಿಂದೆಲ್ಲ ಹಾರ್ಟ್ ಪೇಷೆಂಟನ್ನು ಆಸ್ಪತ್ರೆಯಲ್ಲಿ ಎಲ್ಲಿ ಮಂಚ ಖಾಲಿಯಿದೆಯೋ ಅಲ್ಲಿ ಮಲಗಿಸುತ್ತಿದ್ದರಂತೆ. ಎದೆ ನಿಂತರೆ ನರ್ಸು ಡಾಕ್ಟರನ್ನು ಹುಡುಕಿಕೊಂಡು ಓಡಬೇಕು, ಡಾಕ್ಟರು ಮೆಷೀನು ಹುಡುಕಿಕೊಂಡು ಓಡಬೇಕು. ಎಲ್ಲರೂ ಓಡಿ ಮುಗಿಸುವಷ್ಟರಲ್ಲಿ ಪೇಷೆಂಟೂ ಮುಗಿದಿರುತ್ತಿದ್ದ. ಆಮೇಲೆ ಪರದೇಶದಲ್ಲಿ ಯಾರಿಗೋ ಬುದ್ಧಿ ಬಂತು. ಹಾರ್ಟಿನವರನ್ನೆಲ್ಲ ಒಂದೇ ಕೋಣೆಗೆ ಹಾಕಿ, ಮೆಷೀನನ್ನೂ ಅಲ್ಲೇ ಇಡಿ, ಡಾಕ್ಟರಿಗೆ ಕಾಯದೆ ಕರೆಂಟು ಕೊಡುವುದನ್ನು ನರ್ಸಿಗೇ ಕಲಿಸಿಬಿಡಿ ಎಂದರು. ಅಲ್ಲಿಂದ ಶುರುವಾದದ್ದು ಈ ಯೂನಿಟ್ಟು. ಈಗ ಆರು ವಾರ ಮಲಗಿಸುವುದೂ ಇಲ್ಲ, ನಾಲ್ಕೈದು ದಿನಕ್ಕೆ ಎಬ್ಬಿಸಿ ನಡೆಸಿಬಿಡುತ್ತೇವೆ.

ಈ ಕೊನೆಯ ಮಾತು ಮಾವನವರ ಮನಸ್ಸಿಗೆ ತಗುಲಿತು. "ನಾಕ್ ದಿನಕ್ಕೆ ನಡೆಸ್ತಾರಂತೆ" ಎಂದು ಪಕ್ಕದ ಪಳನಿಯಪ್ಪನ್ ತಾತನಿಗೆ ಹೇಳಿದರು. "ಅದೇನ್ ಹಾರ್ಟು ಅದು."

ಆಮೇಲೆ ಡಾಕ್ಟರು ತಪಾಸಣೆಗೆ ತೊಡಗಿದರು. "ಇಡದು ಕೈ ವಲಿ ಇರುಕ್ಕಾ? ಎಡಗೈ ನೋವು ಯಾರಿಗಿದೆ? ಇರುವವರು ಈ ಕಡೆ ಬನ್ನಿ" ಎಂದರು. ಕುರ್ಚಿಗಳು ಸದ್ದು ಮಾಡಿದವು. ಇಡೀ ಮಂಟಪ ಎದ್ದು ಆ ಕಡೆ ಹೋಯಿತು. ಹೋಗದೆ ಕೂತಿದ್ದವರು ಮಾವನವರೊಬ್ಬರೇ.

ಡಾಕ್ಟರ ಕನ್ನಡಕ ಮೂಗಿನಿಂದ ಇಳಿದು ಕೈಗೆ ಬಂತು. ನಾಲ್ಕೇ ಮಂಚದ ಯೂನಿಟ್ಟು ಕಟ್ಟಿಸಿದ್ದೇವಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಪಳನಿಯಪ್ಪನ್ ತಾತ ಅವರನ್ನು ಸಮಾಧಾನ ಮಾಡಿದರು. ನೇಕಾರನ ಬಲಗೈ ಹಗ್ಗ ಎಳೆದರೆ ಲಾಳಿ ಓಡುತ್ತದೆ, ಎಡಗೈ ಹಲಗೆ ಎಳೆದು ನೂಲು ಬಡಿಯುತ್ತದೆ. ಬೆಳಗಿನಿಂದ ಸಂಜೆಯವರೆಗೆ ಬಡಿದರೆ ಭುಜದಿಂದ ಬೆರಳಿನವರೆಗೆ ನೋಯದೆ ಇರುತ್ತದೆಯೇ ಎಂದು ಕೇಳಿದರು. ಡಾಕ್ಟರು ನಕ್ಕುಬಿಟ್ಟರು. "ಹಾಗಾದರೆ ಈ ಬೀದಿಯಲ್ಲಿ ಎಡಗೈ ಲೆಕ್ಕಕ್ಕಿಲ್ಲ" ಎಂದು ಮುಂದಿನ ಪ್ರಶ್ನೆಗೆ ಹೋದರು.

ಅವರು ತಮಾಷೆಗೆ ಅಂದದ್ದು. ಆದರೆ ನಮ್ಮ ಬೀದಿಯವರಿಗೆ ಡಾಕ್ಟರ ಬಾಯಿಂದ ಬಂದ ಮೇಲೆ ಮುಗಿಯಿತು. ಎಡಗೈ ನೋವು ಏನೂ ಅಲ್ಲ, ದೊಡ್ಡ ಡಾಕ್ಟರೇ ಯೋಳಿದಾರೆ ಎಂದು ಸಂಜೆಯೊಳಗೆ ಎಲ್ಲ ಮಗ್ಗಗಳಿಗೂ ಸುದ್ದಿ ಮುಟ್ಟಿತು. ನಮ್ಮ ಅತ್ತೆಗೂ ಮುಟ್ಟಿತು.

ಅತ್ತೆಗೆ ಆ ದಿನಗಳಲ್ಲಿ ಎಡಗೈ ನೋವು ಮಗ್ಗದಲ್ಲಿ ಕೂತಾಗ ಬರುತ್ತಿರಲಿಲ್ಲ. ಬೀದಿ ಕೊಳಾಯಿಯಿಂದ ಕೊಡ ಹೊತ್ತು ತರುವಾಗ ಬರುತ್ತಿತ್ತು, ಮಹಡಿಗೆ ಬಟ್ಟೆ ಒಣಹಾಕಲು ಹತ್ತುವಾಗ ಬರುತ್ತಿತ್ತು, ನಿಂತರೆ ಹೋಗುತ್ತಿತ್ತು. ಅವರು ಬೇವಿನೆಣ್ಣೆ ಹಚ್ಚಿಕೊಂಡು ಮುಂದಿನ ಕೆಲಸಕ್ಕೆ ಹೋಗುತ್ತಿದ್ದರು. ಸಾವಿನ ಹತ್ತಿರ ಹೋಗುತ್ತಿದ್ದವರು ಅವರು. ಆದರೆ ನಮ್ಮ ಮನೆಯಲ್ಲಿ ಹಾರ್ಟಿನ ಹುದ್ದೆ ಖಾಲಿ ಇರಲಿಲ್ಲ.

ಕ್ಯಾಂಪು ಆದ ಮುಂದಿನ ವಾರ ಮಾವನವರು ಪಕ್ಕದ ಮನೆ ಮುನುಸ್ವಾಮಿಯ ಮಗಳ ನಿಶ್ಚಿತಾರ್ಥಕ್ಕೆ ಹೋಗಿ ಬೋಂಡಾ ತಿಂದರು. ಎಷ್ಟು ತಿಂದರು ಎಂದು ನಾನು ಕೇಳಲಿಲ್ಲ, ಮುನುಸ್ವಾಮಿಯ ಹೆಂಡತಿ ತಾನಾಗಿಯೇ ಹೇಳಿದಳು. ಮನೆಗೆ ಬಂದು ಕುರ್ಚಿಯಲ್ಲಿ ಕೂತು, ಅಂಗೈ ಎದೆಯ ಮೇಲೆ ಇಟ್ಟು, "ಬಂತು" ಅಂದರು.

ನನ್ನ ಗಂಡ ಸೀರೆ ಕೊಡಲು ಇಳಂಪಿಳ್ಳೈಗೆ ಹೋಗಿದ್ದರು. ಮುನುಸ್ವಾಮಿ ತನ್ನ ಆಟೋ ತಂದ. ಮಾವನವರು ಹಿಂದಿನ ಸೀಟಿನಲ್ಲಿ ಪೂರ್ತಿ ಒರಗಿದರು. ಅತ್ತೆ ಉಳಿದ ಮೂಲೆಯಲ್ಲಿ ಮುದುಡಿಕೊಂಡರು. ಅವರ ಮಡಿಲಲ್ಲಿ ದಿಂಬು, ಹೊದಿಕೆ, ಫ್ಲಾಸ್ಕು, ತಟ್ಟೆ, ಲೋಟ, ವಿಭೂತಿ ಸಂಚಿ, ಎರಡು ಪಂಚೆ. ಎಪ್ಪತ್ತೆರಡರ ಅನುಭವ, ಆರು ವಾರಕ್ಕೆ ಸಿದ್ಧವಾಗಿಯೇ ಹೊರಟಿದ್ದರು. ನಾನು ಮುನುಸ್ವಾಮಿಯ ಪಕ್ಕ ಅರ್ಧ ಕೂತೆ. "ಅತ್ತೆ, ಯಾಕೆ ಇಷ್ಟು ಬೆವರ್ತಿದೀರಾ" ಎಂದು ತಿರುಗಿ ಕೇಳಿದೆ. "ಅವ್ರನ್ನ ನೋಡು" ಅಂದರು.

ಆಸ್ಪತ್ರೆಯಲ್ಲಿ ಮಾವನವರನ್ನು ತಳ್ಳುಮಂಚದ ಮೇಲೆ ಮಲಗಿಸಿ ಲಿಫ್ಟಿನೊಳಗೆ ತಳ್ಳಿದರು. ಪೇಷೆಂಟಿನ ಜೊತೆ ಒಬ್ಬರೇ ಎಂದರು. ತಮಿಳಿನಲ್ಲಿ ಓದಿ ಸಹಿ ಹಾಕಬೇಕಾದ್ದರಿಂದ ನಾನು ಹತ್ತಿದೆ. ಅತ್ತೆ ಆ ಗಂಟನ್ನೆಲ್ಲ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು.

ಯೂನಿಟ್ಟು ಚೆನ್ನಾಗಿತ್ತು. ಗಾಜಿನ ಬಾಗಿಲು, ಒಳಗೆ ಮಾರ್ಗಳಿ ತಿಂಗಳಿನ ಚಳಿ, ಮೂರು ಮಂಚದಲ್ಲಿ ಜನ, ನಾಲ್ಕನೆಯದು ನಮಗೆ. ಮಾವನವರ ಎದೆಗೆ ತಂತಿ ಅಂಟಿಸಿದರು. ತಲೆಯ ಮೇಲಿನ ಟೀವಿಯಲ್ಲಿ ಹಸಿರು ಗೆರೆ ಕುಣಿಯತೊಡಗಿತು. ಮಾವನವರು ಕತ್ತು ತಿರುಗಿಸಿ ಅದನ್ನೇ ನೋಡಿದರು. ಅವರ ಮುಖದಲ್ಲಿ ನೋವು ಹೋಗಿ ಹೆಮ್ಮೆ ಬಂತು.

"ಅದು ನಂದಾ?" ಎಂದು ನರ್ಸನ್ನು ಕೇಳಿದರು.

"ಉಂಗಳುದುದಾನ್, ತಾತಾ. ನಿಮ್ಮದೇ" ಅಂದಳು ನರ್ಸು ತಮಿಳ್‌ಸೆಲ್ವಿ. ಅವಳು ನಲ್ಲಂಪಳ್ಳಿ ಕಡೆಯವಳು, ನಮ್ಮ ಕನ್ನಡ ಅವಳಿಗೆ ಅರ್ಥವಾಗುತ್ತಿತ್ತು.

"ಆವತ್ತು ಇದೆಲ್ಲ ಇರ್ಲಿಲ್ಲ ಕಣಮ್ಮಾ. ಕೈ ಇಡಿದು ನೋಡೋರು, ಅಷ್ಟೇ" ಎಂದು ಶುರುಮಾಡಿದರು. ತಮಿಳ್‌ಸೆಲ್ವಿ ಎಪ್ಪತ್ತೆರಡರ ಚರಿತ್ರೆಯಲ್ಲಿ ಟೈಫಾಯಿಡ್‌ನವನವರೆಗೆ ಕೇಳಿದಳು.

ಡಾಕ್ಟರ್ ಹರಿಹರನ್ ಕಾಗದದ ಪಟ್ಟಿಯನ್ನು ಎರಡು ಸಲ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಏನೂ ಇಲ್ಲಮ್ಮ, ಗ್ಯಾಸು, ಅಂದರು. ಇಪ್ಪತ್ತಮೂರು ವರ್ಷದ ಹಾರ್ಟು ಸಾರ್ ಅದು, ಅಂದೆ. ಹಳೆಯ ಅಟ್ಯಾಕಿನ ಗುರುತೂ ಇಲ್ಲ, ಒಬ್ಬೊಬ್ಬರಿಗೆ ಗುರುತು ಅಳಿಸಿಹೋಗುವುದುಂಟು, ಆದರೆ ಇವರಿಗೆ ಬಂದೇ ಇರಲಿಲ್ಲ ಎಂದು ನನಗನ್ನಿಸುತ್ತದೆ, ಅಂದರು. ಆ ಮೊದಲ ಇಡ್ಲಿಗಳೆಲ್ಲ ಕಣ್ಣ ಮುಂದೆ ಬಂದವು.

ಅಷ್ಟರಲ್ಲಿ ತಮಿಳ್‌ಸೆಲ್ವಿ ಬಾಗಿಲಿನಿಂದ ಡಾಕ್ಟರನ್ನು ಕರೆದಳು. ಅತ್ತೆ ಹೊರಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಗಂಟು ಇನ್ನೂ ಮಡಿಲಲ್ಲೇ ಇತ್ತು. ಮುಖ ಬೂದಿಬಣ್ಣಕ್ಕೆ ತಿರುಗಿ, ರವಿಕೆ ನೀರಲ್ಲಿ ಅದ್ದಿದ ಹಾಗೆ ಮೈಗೆ ಅಂಟಿತ್ತು.

"ನಂಗೇನೂ ಇಲ್ಲ" ಅಂದರು. "ಮಗ್ಗದ ನೋವು. ಈ ಡಾಕ್ಟ್ರೇ ಯೋಳಿದಾರಲ್ಲ. ಒಳಗೆ ಅವ್ರನ್ನ ನೋಡ್ರಿ."

ಡಾಕ್ಟರ ಮುಖ ನಾನು ನೋಡಿದೆ. ಆ ಭಾನುವಾರದ ತಮಾಷೆ ಅವರಿಗೆ ನೆನಪಾಯಿತು. ಅತ್ತೆಯನ್ನು ಅಲ್ಲೇ ಮಲಗಿಸಿ ತಂತಿ ಇಟ್ಟು ಕಾಗದ ತೆಗೆದರು. ಆಮೇಲೆ ಅವರ ದನಿಯೇ ಬೇರೆ.

"ಬೆಡ್" ಎಂದರು.

ಖಾಲಿ ಬೆಡ್ ಇರಲಿಲ್ಲ. ನಾಲ್ಕನೆಯದರಲ್ಲಿ ಮಾವನವರು ತಮ್ಮ ಟೀವಿ ನೋಡುತ್ತ ಮಲಗಿದ್ದರು.

"ಪೆರಿಯವರೇ, ಇರಂಗುಂಗ" ಅಂದಳು ತಮಿಳ್‌ಸೆಲ್ವಿ.

"ಎಲ್ಲಿಗೆ?" ಎಂದರು ಮಾವ.

"ಕೆಳಗೆ ಇಳೀರಿ ಮಾವ. ಅತ್ತೆಗೆ ಹಾರ್ಟ್ ಅಟ್ಯಾಕು" ಅಂದೆ ನಾನು.

"ಅವ್ಳಿಗ್ಯಾಕೆ? ನಾನು ಪೇಷೆಂಟು. ಅವ್ಳು ನನ್ ಜೊತೆ ಬಂದಿರೋಳು."

ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ನಿಜವಾಗಿ ಅವರಿಗೆ ಅರ್ಥವಾಗಲಿಲ್ಲ. ಆದರೆ ನನ್ನ ಕೈಯಲ್ಲಿ ಫ್ಲಾಸ್ಕು ಇದ್ದಿದ್ದರೆ ಎಸೆಯುತ್ತಿದ್ದೆ. ವಾರ್ಡ್‌ಬಾಯ್ ನಾಗರಾಜನ್ ಮಾತಾಡುತ್ತ ನಿಲ್ಲಲಿಲ್ಲ. ತಂತಿಗಳನ್ನು ಕಿತ್ತ, ಎದೆಯ ಕೂದಲೂ ಸ್ವಲ್ಪ ಬಂತು, ಕಂಕುಳಿಗೆ ಕೈಹಾಕಿ ಎತ್ತಿ ಮೂಲೆಯಲ್ಲಿ ನಿಲ್ಲಿಸಿದ. ಹಿಂದೆ ದಾರ ಕಟ್ಟುವ ಆಸ್ಪತ್ರೆ ಅಂಗಿಯಲ್ಲಿ ಮಾವನವರು ಗೋಡೆಗೆ ಬೆನ್ನು ಒತ್ತಿಕೊಂಡು ನಿಂತರು.

ಅತ್ತೆಯನ್ನು ಆ ಮಂಚದ ಮೇಲೆ ಮಲಗಿಸಿದರು. ಟೀವಿಯಲ್ಲಿ ಅವರ ಗೆರೆ ಬಂತು. ಡಾಕ್ಟರು ಔಷಧಿ ತರಲು ಆಚೆ ಕೋಣೆಗೆ ಹೋದರು. ಆಗ ಗೆರೆ ಕೆಟ್ಟಿತು. ಮಕ್ಕಳು ಸ್ಲೇಟಿನ ಮೇಲೆ ಗೀಚಿದ ಹಾಗೆ ಆಯಿತು. ಅತ್ತೆಯ ಕಣ್ಣು ಮೇಲೆ ಹೋಯಿತು.

ತಮಿಳ್‌ಸೆಲ್ವಿ ಡಾಕ್ಟರನ್ನು ಹುಡುಕಿಕೊಂಡು ಓಡಲಿಲ್ಲ. ಇಸ್ತ್ರಿಪೆಟ್ಟಿಗೆಯಂಥ ಎರಡು ಹಿಡಿಗಳನ್ನು ಎತ್ತಿ ಅತ್ತೆಯ ಎದೆಯ ಮೇಲೆ ಒತ್ತಿ, "ಯಾರೂ ಮುಟ್ಟಬೇಡಿ" ಎಂದು ತಮಿಳಿನಲ್ಲಿ ಹೇಳಿ ಕರೆಂಟು ಕೊಟ್ಟಳು. ಅತ್ತೆಯ ಮೈ ಮಂಚದಿಂದ ಎದ್ದು ಬಿತ್ತು. ಗೆರೆ ಒಂದು ಕ್ಷಣ ಸುಮ್ಮನಿತ್ತು, ಆಮೇಲೆ ಮತ್ತೆ ಹೆಜ್ಜೆ ಹಾಕಿತು. ಡಾಕ್ಟರು ಬಂದಾಗ ಎಲ್ಲ ಮುಗಿದಿತ್ತು. ಆ ಕೋಣೆ ಇರುವುದೇ ಇಷ್ಟಕ್ಕೆ ಎಂದು ನನಗೆ ಆಗ ಅರ್ಥವಾಯಿತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮಾವನವರು ಅಳಲಿಲ್ಲ. ಅವರ ಅಂಗೈ ಎದೆಯ ಮೇಲೆ ಇರಲಿಲ್ಲ, ಬಾಯಿಯ ಮೇಲೆ ಇತ್ತು.

ರಾತ್ರಿಯೇ ಓಡಿಬಂದ ವೇಣು ಬೆಳಗಾಗುತ್ತಲೇ ಔಷಧಿಯ ಹಣ ಹೊಂದಿಸಲು ಹೋದರು. ಮರುದಿನ ಬೆಳಿಗ್ಗೆ ಬೀದಿಯೇ ಆಸ್ಪತ್ರೆಗೆ ಬಂತು. ನಮ್ಮಲ್ಲಿ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಮದುವೆಗೆ ಹೋಗದಿದ್ದಷ್ಟೇ ತಪ್ಪು. ಎಲ್ಲರೂ ಹಾರ್ಲಿಕ್ಸ್ ಬಾಟ್ಲಿ, ಸಾತ್ತುಕುಡಿ ಹಣ್ಣು ಹಿಡಿದು ಬಂದು, ಬೆಂಚಿನ ಮೇಲೆ ಕೂತ ಮಾವನವರ ಮಡಿಲಲ್ಲಿ ಇಡತೊಡಗಿದರು. ಆ ಆಸ್ಪತ್ರೆ ಅಂಗಿ ಬೇರೆ ಅವರು ಇನ್ನೂ ಬಿಚ್ಚಿರಲಿಲ್ಲ.

"ನಂಗಲ್ಲ, ಅವ್ಳಿಗೆ. ಒಳಗವ್ಳೆ" ಎಂದರು ಮಾವ.

"ಅವ್ರು ಒಳಗ್ಯಾಕೆ ಅಣ್ಣಾ? ನಿಮ್ಗಲ್ವಾ ಹಾರ್ಟು" ಅಂದಳು ನಮ್ಮ ಎದುರುಮನೆಯ ಚೆಲ್ಲಮ್ಮ.

"ಅವ್ಳಿಗೂ ಐತಂತೆ."

ಚೆಲ್ಲಮ್ಮ ನಂಬಲಿಲ್ಲ. ಅಕ್ಕ ಪಾಪ, ರಾತ್ರಿಯೆಲ್ಲ ನಿಮ್ಮನ್ನು ನೋಡಿಕೊಂಡು ಸುಸ್ತಾಗಿ ಒಳಗೆ ಮಲಗಿರಬೇಕು ಎಂದು ತೀರ್ಮಾನಿಸಿ, ಹಾರ್ಲಿಕ್ಸನ್ನು ಮಾವನವರ ಕೈಗೇ ಕೊಟ್ಟು ಹೋದಳು. ಹತ್ತು ಜನಕ್ಕೆ ಹೇಳಿ ಮಾವನವರ ಗಂಟಲು ಒಣಗಿತು. ಅವರ ಹಾರ್ಟಿಗೆ ಅಷ್ಟು ಒಳ್ಳೆಯ ಹೆಸರಿತ್ತು.

ಒಳಗೆ ಇನ್ನೊಂದು ರಾಮಾಯಣ. ಅತ್ತೆಗೆ ರಕ್ತದ ಗಡ್ಡೆ ಕರಗುವ ಔಷಧಿ ಕೊಟ್ಟಿದ್ದರು. ಎರಡು ದಿನ ಮೈ ಅಲುಗಿಸಬಾರದು, ಎದ್ದರೆ ಎದೆ ಮತ್ತೆ ನಿಲ್ಲಬಹುದು, ಈ ಸಲ ಕರೆಂಟಿಗೆ ಬರುತ್ತದೋ ಇಲ್ಲವೋ ಎಂದು ಡಾಕ್ಟರು ನನಗೆ ಹೇಳಿದ್ದರು. ಅತ್ತೆಗೆ ಎಚ್ಚರವಾಯಿತು, ಎದ್ದು ಕೂತರು. ತಂತಿ ಎಳೆದು ಮೆಷೀನು ಕೂಗಿತು. ಮಲಗಿಸಿದೆವು. ತಮಿಳ್‌ಸೆಲ್ವಿ ಅತ್ತ ತಿರುಗಿದಳು, ಅತ್ತೆಯ ಕಾಲು ಮಂಚದಿಂದ ಇಳಿಯಿತು. ಮತ್ತೆ ಕೂಗಿತು.

"ಎಳುಂದಿರಿಕ್ಕಾದೀಂಗಮ್ಮಾ, ಏಳ್ಬೇಡಿ" ಎಂದು ತಮಿಳ್‌ಸೆಲ್ವಿ ಕೈ ಮುಗಿದಳು.

"ಅವ್ರಿಗೆ ಗಂಜಿ ಯಾರಮ್ಮಾ ಕೊಡ್ತಾರೆ? ಉಪ್ಪು ಜಾಸ್ತಿ ಆದ್ರೆ? ಆ ಬೆಂಚ್ ಮ್ಯಾಲೆ ಕೂತವ್ರಲ್ಲ, ಗಾಳಿ ಬಡಿದ್ರೆ?"

ಡಾಕ್ಟರಿಗೆ ರೇಗಿತು. ನಿಮ್ಮ ಗಂಡನ ಹಾರ್ಟು ನನ್ನ ಹಾರ್ಟಿಗಿಂತ ಗಟ್ಟಿಯಾಗಿದೆಯಮ್ಮಾ, ಅವರಿಗೆ ಎಂದೂ ಏನೂ ಆಗಿಲ್ಲ, ಸುಮ್ಮನೆ ಮಲಗಿ, ಎಂದರು.

ಅತ್ತೆಗೆ ಸಮಾಧಾನವಾಗುತ್ತದೆ ಎಂದುಕೊಂಡೆವು. ಟೀವಿಯ ಗೆರೆ ಓಡತೊಡಗಿತು. ಅತ್ತೆ ಡಾಕ್ಟರ ಬಿಳಿ ಕೋಟನ್ನು ಹಿಡಿದುಕೊಂಡರು.

"ಅದನ್ನ ಅವ್ರಿಗೆ ಯೋಳಿದ್ರಾ?"

"ಇನ್ನೂ ಇಲ್ಲ."

"ಯೋಳ್ಬ್ಯಾಡ್ರಿ ಸಾಮಿ. ನಿಮ್ ಕಾಲಿಗೆ ಬೀಳ್ತೀನಿ" ಎಂದು ಕಾಲಿಗೆ ಬೀಳಲು ಎದ್ದರು. ಮೆಷೀನು ಕೂಗಿತು. ಮತ್ತೆ ಮಲಗಿಸಿದೆವು.

ಮಲಗಿಕೊಂಡೇ ಅತ್ತೆ ಹೇಳಿದರು. ಆಗಷ್ಟೇ ಸರ್ಕಾರ ಸಾರಾಯಿ ಅಂಗಡಿ ತೆರೆದಿದ್ದ ಕಾಲ. ನಮ್ಮ ಬೀದಿಯ ಕೊನೆಗೂ ಒಂದು ಬಂದಿತ್ತು. ಮಾವನವರು ಒಂದು ವರ್ಷದಲ್ಲಿ ಅದರ ಖಾಯಂ ಗಿರಾಕಿ. ಮಗ್ಗದ ಮೇಲಿನ ಅರ್ಧ ನೇಯ್ದ ಸೀರೆಯನ್ನೇ ಕತ್ತರಿಸಿ ಮಾರಿ ಕುಡಿದರಂತೆ. ಎದೆ ಹಿಡಿಯಿತು ಎಂದು ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಸುಬ್ಬರಾಯನ್ ಡಾಕ್ಟರು ಅತ್ತೆಯನ್ನು ಕರೆದು, ಇದು ಹಾರ್ಟಲ್ಲ, ಖಾಲಿ ಹೊಟ್ಟೆಗೆ ಸಾರಾಯಿ, ಕರೆದುಕೊಂಡು ಹೋಗು ಎಂದರಂತೆ.

"ಮೂರು ದಿನ ಕುಡೀದೆ ಮಲಗಿದ್ರು. ಮಕ ಮನುಷ್ಯರ ಮಕ ಆಗಿತ್ತು. ಕಳಿಸ್ಬ್ಯಾಡ್ರಿ, ಹಾರ್ಟು ಅಂತ್ಲೇ ಇಟ್ಕೊಳ್ರಿ ಅಂದೆ. ಆ ಪುಣ್ಯಾತ್ಮರು ಇಟ್ಕೊಂಡ್ರು. ಮನೆಗೆ ಬಂದ್ಮ್ಯಾಲೆ ನಾನು ಇಟ್ಕೊಂಡೆ. ಹಾರ್ಟು ಇರೋ ತಂಕ ಅವ್ರು ಜಗಲಿ ದಾಟಲ್ಲ ಡಾಕ್ಟ್ರೇ. ಇಲ್ಲ ಅಂತ ಗೊತ್ತಾದ್ರೆ ನೇರ ಅಂಗಡಿಗೆ."

ನಾನು ಬೈದುಕೊಂಡ ಆ 'ಮನೇಲಿ ಇದಾರಲ್ಲ' ಎನ್ನುವ ಮಾತು ಆಗ ಅರ್ಥವಾಯಿತು. ಒಬ್ಬ ಗಂಡಸನ್ನು ಮನೆಯಲ್ಲಿ ಇರಿಸಿಕೊಳ್ಳಲು ಅತ್ತೆ ಇಪ್ಪತ್ತಮೂರು ವರ್ಷ ಮಗ್ಗದ ಕುಣಿಯಲ್ಲಿ ಕೂತಿದ್ದರು. ನಾನಾಗಿದ್ದರೆ ಕುಡಿಯಲು ಬಿಟ್ಟುಬಿಡುತ್ತಿದ್ದೆ ಎಂದುಕೊಂಡೆ. ಆದರೆ ನಾನು ಅತ್ತೆಯಲ್ಲ.

"ನಾನು ಸುಳ್ಳು ಹೇಳುವುದಿಲ್ಲಮ್ಮಾ" ಅಂದರು ಡಾಕ್ಟರು.

"ಸುಳ್ಳು ಬ್ಯಾಡ. ಸುಮ್ನಿರಿ" ಅಂದರು ಅತ್ತೆ.

ಡಾಕ್ಟರು ಹೊರಗೆ ಬಂದು ಕನ್ನಡಕ ಒರೆಸಿದರು. ಹಾರ್ಟಿನ ಎಲ್ಲ ಔಷಧಿಯೂ ಈ ಕೋಣೆಯಲ್ಲಿದೆ, ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ ಎಂದರು. ಅವರು ಹೇಳಿದ್ದು ಸರಿ. ಮಾವನವರು ಕಾಯಿಲೆಯವರು ಎಂದರೆ ಅವರಿಗೆ ಗಂಜಿ ಕೊಡಲು ಅತ್ತೆ ಏಳುತ್ತಾರೆ, ಎದ್ದರೆ ಸಾಯುತ್ತಾರೆ. ಚೆನ್ನಾಗಿದ್ದಾರೆ ಎಂದರೆ ಕುಡಿಯಲು ಹೋಗುತ್ತಾರೆಂಬ ಭಯಕ್ಕೆ ಎದೆ ಓಡುತ್ತದೆ, ಓಡಿದರೂ ಸಾಯುತ್ತಾರೆ.

ಬೆಂಚಿನ ಮೇಲೆ ಮಾವನವರು ಹಾರ್ಲಿಕ್ಸ್ ಬಾಟ್ಲಿಗಳ ನಡುವೆ ಕೂತಿದ್ದರು. "ಆ ಮೆಷೀನು ಯಾಕೆ ಅಂಗೆ ಕೂಗ್ತೈತೆ?" ಎಂದು ಕೇಳಿದರು.

"ಅತ್ತೆ ಎದ್ದೆದ್ದು ಕೂತ್ಕೊಳ್ತಾರೆ. ಅದಕ್ಕೆ."

"ಮಲ್ಕೋ ಅನ್ನು."

"ನೀವು ಹಾರ್ಟ್ ಪೇಷೆಂಟಾಗಿರೋ ತಂಕ ಅವ್ರು ಮಲಗಲ್ಲ ಮಾವ" ಅಂದೆ. ಅತ್ತೆಯ ಗುಟ್ಟು ನಾನು ಬಿಟ್ಟುಕೊಡಲಿಲ್ಲ. ಆದರೆ ಮೆಲ್ಲಗೂ ಹೇಳಲಿಲ್ಲ. "ಮಲಗ್ದೆ ಇದ್ರೆ ಉಳಿಯಲ್ಲಂತೆ."

ಮಾವನವರು ಬಾಟ್ಲಿಗಳನ್ನು ಪಕ್ಕಕ್ಕೆ ಸರಿಸಿ ಎದ್ದರು. ಆಮೇಲೆ ಗಂಟಿನಿಂದ ಪಂಚೆ ತೆಗೆದುಕೊಂಡು ಬಚ್ಚಲಿಗೆ ಹೋದರು. ಆಸ್ಪತ್ರೆಯ ಅಂಗಿ ಬಿಚ್ಚಿ, ಪಂಚೆ ಉಟ್ಟು, ತಲೆಗೆ ನೀರು ಸವರಿಕೊಂಡು ಬಂದರು. ಸಂಜೆ ಐದು ನಿಮಿಷ ನೋಡಲು ಬಿಟ್ಟಾಗ ಒಳಗೆ ಬಂದು ಮಂಚದ ಪಕ್ಕ ನಿಂತರು. ಡಾಕ್ಟರೂ ಅಲ್ಲೇ ಇದ್ದರು.

"ಲೇ ಮುನೀ" ಎಂದರು. "ನಂಗೆ ಹಾರ್ಟಿಲ್ಲ ಕಣೇ."

ಅತ್ತೆ ಡಾಕ್ಟರನ್ನು ನೋಡಿದರು. ಡಾಕ್ಟರು ನಾನಲ್ಲ ಎಂದು ಕೈ ಆಡಿಸಿದರು.

"ಯಾರೂ ಯೋಳಿಲ್ಲ" ಎಂದರು ಮಾವ. "ನಂಗೆ ಆವತ್ತೇ ಗೊತ್ತಿತ್ತು. ಬಿಟ್ಟು ಕಳಿಸೋ ದಿನ ಸುಬ್ಬರಾಯನ್ ಡಾಕ್ಟ್ರನ್ನ ಕೇಳ್ದೆ, ಎಷ್ಟ್ ದಿನ ಬದುಕ್ತೀನಿ ಅಂತ. ಏನೂ ಆಗಿಲ್ಲ ಓಗೋ, ನಿನ್ ಎಂಡ್ತಿ ಮಕ ನೋಡಿ ಇಟ್ಕೊಂಡಿದ್ದೆ ಅಂದ್ರು. ಬೀದಿ ತುದಿಗೆ ಬಂದ್ರೆ ಅಂಗಡಿ ಮುಂದೆ ನಮ್ಮೋರೆಲ್ಲ ನಿಂತವ್ರೆ. ನನ್ನ ನೋಡಿ, ಹಾರ್ಟ್ ಪೇಷೆಂಟು, ಕರೀಬ್ಯಾಡ್ರಲಾ ಅಂತ ದಾರಿ ಬಿಟ್ರು. ಒಬ್ನೂ ಕರೀಲಿಲ್ಲ. ಇದೇ ಸರಿ ಅನ್ನಿಸ್ತು."

"ನಂಗ್ಯಾಕೆ ಯೋಳ್ಲಿಲ್ಲ?" ಅಂದರು ಅತ್ತೆ.

"ಯೋಳಿದ್ರೆ ನೀನು ಮಗ್ಗಕ್ಕಿಳಿ ಅಂತಿದ್ದೆ. ಮಗ್ಗಕ್ಕಿಳಿದ್ರೆ ಕೈಗೆ ಕೂಲಿ ಬರ್ತಿತ್ತು. ಕೂಲಿ ಬಂದ್ರೆ ಕಾಲು ಅಂಗಡಿ ಕಡೆ ಓಗ್ತಿತ್ತು."

"ಅದು ಮೊದಲ ನಾಕೈದು ವರ್ಷ. ಆಮೇಲೆ?"

ಮಾವನವರು ಟೀವಿಯ ಗೆರೆ ನೋಡಿದರು, ನನ್ನನ್ನು ನೋಡಿದರು.

"ಆಮೇಲೆ ರೂಢಿಯಾಗೋಯ್ತು" ಎಂದರು.

ನನಗೆ ಅಳು ಬರಬೇಕಾಗಿತ್ತು. ಇಬ್ಬರೂ ಒಂದೇ ಭಯಕ್ಕೆ ಒಂದೇ ಸುಳ್ಳನ್ನು, ಒಬ್ಬರಿಗೊಬ್ಬರು ಗೊತ್ತಾಗದಂತೆ ಕಾಪಾಡಿಕೊಂಡು ಬಂದಿದ್ದರು. ಆದರೆ ಆ ಸುಳ್ಳಿನಲ್ಲಿ ಒಬ್ಬರು ಫ್ಯಾನಿನ ಕೆಳಗೆ ಕೂತರು, ಒಬ್ಬರು ಕುಣಿಯಲ್ಲಿ ಕೂತರು. ನನಗೆ ಕೋಪವೇ ಬಂತು. ತಮಿಳ್‌ಸೆಲ್ವಿ ಮಾತ್ರ ಮೂಗು ಒರೆಸಿಕೊಳ್ಳುತ್ತಿದ್ದಳು.

ಅತ್ತೆ ಗಂಡನ ಕಡೆ ಮುಖ ತಿರುಗಿಸಿದರು. "ಕುಡಿಯೋ ಆಸೆ ಇನ್ನೂ ಐತಾ?" ಎಂದು ಕೇಳಿದರು.

"ಐತೆ" ಎಂದರು ಮಾವ. "ದಿನಾ ಐತೆ."

ಗೆರೆ ಓಡುತ್ತದೆ ಎಂದು ನಾನು ತಲೆಯೆತ್ತಿ ನೋಡಿದೆ. ಅದು ಓಡಲಿಲ್ಲ.

"ಅಂಗಾದ್ರೆ ಇವತ್ತಿಂದ ಆ ಆಸೆನೂ ಮಗ್ಗಾನೂ ನೀವೇ ನೋಡ್ಕೊಳ್ರಿ" ಎಂದರು ಅತ್ತೆ. "ನಂಗೆ ಸಾಕಾಗೈತೆ. ನಿದ್ದೆ ಬತ್ತೈತೆ."

ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡರು. ಮಾವನವರು ಬಗ್ಗಿ ಮೆಲ್ಲಗೆ ಕೇಳಿದರು:

"ಇವತ್ತಿಂದ್ಲೇನಾ?"

ಮೆಷೀನು ಕೂಗಲಿಲ್ಲ. ಅತ್ತೆ ಆಗಲೇ ನಿದ್ದೆ ಹೋಗಿದ್ದರು.